ಕಲ್ಲುಬಾರೆಯ ಬೇಲಿಗೆ ಒಂದು ಹಿಡಿ ಉಪ್ಪು

ಮೊನ್ನೆ ನಮ್ಮ ಫ್ರಿಜ್ಜು ನನ್ನನ್ನು ಚಿವುಟಿತು. ಬೆಳಗಿನ ಹೊತ್ತು, ಆಗಷ್ಟೇ ಸ್ನಾನ ಮುಗಿಸಿ ಒದ್ದೆಗಾಲಿನಲ್ಲೇ ಬಂದು ಹಾಲಿನ ಪಾತ್ರೆ ತೆಗೆಯೋಣವೆಂದು ಬಾಗಿಲಿಗೆ ಕೈ ಹಾಕಿದ್ದೆ ಅಷ್ಟೆ. ಮೊಣಕೈತನಕ ಜುಮ್ಮೆಂದಿತು. ಯಜಮಾನರಿಗೆ ಹೇಳಿದರೆ, "ವಯಸ್ಸಾಯ್ತಲ್ಲ, ನರಗಳ ತೊಂದರೆ" ಎಂದು ಪೇಪರಿನಿಂದ ತಲೆಯೆತ್ತದೆ ತೀರ್ಪು ಕೊಟ್ಟರು. ಅವರು ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕಿಕೊಂಡು ಓಡಾಡುವವರು. "ಚಪ್ಪಲಿ ಬಿಟ್ಟು ಬಂದು ಮುಟ್ಟಿ ನೋಡಿ" ಎಂದೆ. ಬಂದು ಮುಟ್ಟಿದರು. ಆಮೇಲೆ ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದ್ದು ಅವರೇ.

ಬಂದ ಹುಡುಗ ಮನೆಯನ್ನೊಂದು ಸುತ್ತು ಹಾಕಿ, ಹಿತ್ತಲಲ್ಲಿ ನಾನು ಒಡೆದ ಕುಂಡಗಳನ್ನು ಪೇರಿಸಿಟ್ಟಿದ್ದ ಮೂಲೆಯಲ್ಲಿ ಒಂದು ಸಿಮೆಂಟಿನ ಮುಚ್ಚಳ ಎತ್ತಿ ನೋಡಿದ. "ಅರ್ತ್ ಗುಂಡಿ ಒಣಗಿ ಹೋಗಿದೆ ಅಮ್ಮ. ಒಂದಿಷ್ಟು ಕಲ್ಲುಪ್ಪು ಇದ್ರೆ ಕೊಡಿ. ಆಮೇಲೆ ಆಗಾಗ ನೀರು ಹಾಕ್ತಾ ಇರಿ" ಎಂದ. ನಾನು ಉಪ್ಪಿನ ಜಾಡಿಯನ್ನೇ ತಂದೆ. ಗುಂಡಿಯ ಹತ್ತಿರ ಬಂದಾಗ ನನ್ನ ಕಾಲು ತಾನಾಗಿ ಚಪ್ಪಲಿ ಬಿಟ್ಟಿತು. ಒಂದು ಹಿಡಿ ಉಪ್ಪು ಹಾಕಿ, ಒಂದು ಚೊಂಬು ನೀರು ಸುರಿದು, ಬಲಗೈಯ ಬೆರಳ ಗೆಣ್ಣುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡೆ. ಹುಡುಗ ನಕ್ಕ. "ಏನಮ್ಮ, ಇದೇನು ದೇವರ ಗುಂಡೀನಾ?" ಎಂದು ಕೇಳಿದ. "ನಮ್ಮೂರಲ್ಲಿ ಹಾಗೇ ಇತ್ತಪ್ಪ" ಎಂದೆ. ಅವನಿಗೆ ಬೇರೆ ಮನೆಗೆ ಹೋಗುವ ಅವಸರ, ಕೂತು ಕೇಳುವ ಪುರಸೊತ್ತಿಲ್ಲ. ನಿಮಗೆ ಇದ್ದಂತೆ ಕಾಣುತ್ತದೆ, ಹೇಳುತ್ತೇನೆ.

ನಮ್ಮೂರು ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಇನ್ನೂ ಸುಮಾರು ನಡೆಯಬೇಕಾದ ಕಡೆ ಇತ್ತು. ಅರವತ್ತರ ದಶಕದ ಶುರು. ಊರಿಗೆ ಕರೆಂಟು ಬರುತ್ತದಂತೆ ಎಂಬ ಸುದ್ದಿ ಮಾತ್ರ ಬಂದಿತ್ತು. ಆದರೆ ನಮ್ಮ ಬೇಲಿಗೆ ಕರೆಂಟು ಬಂದುಬಿಟ್ಟಿತ್ತು. ಮನೆಯೊಳಗೆ ಸೀಮೆಎಣ್ಣೆ ಬುಡ್ಡಿ, ಹೊಲದ ಸುತ್ತ ವಿದ್ಯುಚ್ಛಕ್ತಿ. ಇದನ್ನು ಹೇಳಿದರೆ ಮೊಮ್ಮಕ್ಕಳು ಅಜ್ಜಿ ಕಥೆ ಕಟ್ಟುತ್ತಾಳೆ ಎಂದು ನಗುತ್ತಾರೆ.

ಕರೆಂಟು ತಂದವನು ನನ್ನ ಚಿಕ್ಕಪ್ಪ ತಿಮ್ಮಪ್ಪ. ಸೈನ್ಯದಲ್ಲಿ ಟೆಲಿಫೋನು ತಂತಿ ಎಳೆಯುವ ಕೆಲಸ ಮಾಡಿ, ಅವಧಿ ಮುಗಿಸಿ ಊರಿಗೆ ಬಂದಿದ್ದ. ಜೊತೆಗೆ ಬಂದದ್ದು ಒಂದು ಕಪ್ಪು ಟ್ರಂಕು, ದಪ್ಪ ಮೀಸೆ ಮತ್ತು ರಬ್ಬರ್ ಅಟ್ಟೆಯ ಒಂದು ಜೊತೆ ಬೂಟು. ಮೀಸೆಯನ್ನು ಕೆಲವು ತಿಂಗಳಲ್ಲಿ ತೆಗೆದ, ಟ್ರಂಕು ಅಟ್ಟ ಸೇರಿತು, ಬೂಟು ಮಾತ್ರ ಕಾಲು ಬಿಡಲಿಲ್ಲ. ಮಲಗುವಾಗ ಮತ್ತು ಮೀಯುವಾಗ ಬಿಟ್ಟರೆ ಉಳಿದಂತೆ ಅವನು ಬೂಟಿನಲ್ಲೇ ಇರುತ್ತಿದ್ದ. ಗದ್ದೆಯ ಬದುವಿನ ಮೇಲೂ ಬೂಟು. ದೇವರ ಕೋಣೆಯ ಹತ್ತಿರ ಅವನು ಸುಳಿಯದೆ ಇದ್ದದ್ದು ನಾಸ್ತಿಕನಾದ್ದರಿಂದ ಅಲ್ಲ, ಲೇಸು ಬಿಚ್ಚುವ ಸೋಮಾರಿತನದಿಂದ ಎಂದು ನನ್ನ ಅನುಮಾನ. ಅಜ್ಜಿಗೆ ಆ ಬೂಟು ಕಂಡರೆ ಆಗುತ್ತಿರಲಿಲ್ಲ. "ನೆಲಕ್ಕೆ ಕಾಲಿಕ್ಕದಲೆ ಎಂಗ್ಲಾ ಬದುಕು ಮಾಡ್ತೀಯ? ಬೂಟು ಆಕ್ಕೊಂಡವ್ನು ಯಾವಾಗ ಎದ್ದೋಯ್ತಾನೋ ಅಂತ ನಂಗೆ ದಿಗಿಲು" ಎನ್ನುತ್ತಿದ್ದಳು.

ದಿಗಿಲಿಗೆ ಕಾರಣವಿತ್ತು. ನನ್ನ ಅಪ್ಪ, ಅಂದರೆ ಚಿಕ್ಕಪ್ಪನ ಅಣ್ಣ, ಆಗಲೇ ಬೆಂಗಳೂರಿನ ಒಂದು ಮಿಲ್ಲಿನಲ್ಲಿ ತಮ್ಮನಿಗಾಗಿ ಗೇಟು ಕಾಯುವ ಕೆಲಸ ನೋಡಿಟ್ಟಿದ್ದರು. ಅಪ್ಪ ಕೆಟ್ಟವರಲ್ಲ. ಹೊಲದಲ್ಲಿ ಬೂಟು ಹಾಕುವವನು ಬೇಸಾಯ ಮಾಡಲಾರ ಎಂದು ಅವರ ನಂಬಿಕೆ, ಅಷ್ಟೆ. ಚಿಕ್ಕಪ್ಪ ಹಟ ಮಾಡಿದಾಗ ಅಪ್ಪ ಒಂದು ಮಾತಿಗೆ ಒಪ್ಪಿದರು. "ಕಲ್ಲುಬಾರೆ ತಗೋ. ಅದ್ರಾಗೆ ಒಂದು ಬೆಳೆ ತೆಗೆದು ತೋರ್ಸು. ತೆಗೆದ್ರೆ ಊರಲ್ಲಿರು, ಇಲ್ದಿದ್ರೆ ಮಾತಾಡ್ದಂಗೆ ಬೆಂಗಳೂರು ಬಸ್ಸು ಅತ್ತು."

ಕಲ್ಲುಬಾರೆ ಎಂದರೆ ಊರಿನ ಮೇಲ್ಗಡೆ ದಿಣ್ಣೆಯ ಮೇಲಿದ್ದ ನಮ್ಮ ಹೊಲ. ಹೆಸರೇ ಹೇಳುವಂತೆ ಅಲ್ಲಿ ಕಲ್ಲು ಬೇಕಾದಷ್ಟಿತ್ತು. ಕೆಂಪು ಗರಸು ಮಣ್ಣು, ಮಳೆ ಬಿದ್ದರೆ ಒಂದು ಗಳಿಗೆ ಒದ್ದೆಯಾಗಿ ಮರುಗಳಿಗೆ ಏನೂ ಆಗಿಲ್ಲವೆಂಬಂತೆ ಒಣಗಿ ಕೂರುತ್ತಿತ್ತು. ಹುರುಳಿ ಚೆಲ್ಲಿದರೆ ಬೀಜ ವಾಪಸು ಬರುತ್ತಿತ್ತು. ಚಿಕ್ಕಪ್ಪ ಅಲ್ಲಿ ಆಲೂಗೆಡ್ಡೆ ಹಾಕುತ್ತೇನೆ ಎಂದ. ಹಾಸನದ ಕಡೆಯೆಲ್ಲ ಆಗ ಆಲೂಗೆಡ್ಡೆಯದೇ ಮಾತು. ಅಪ್ಪ ನಕ್ಕು, "ನಿಂಗೋಸ್ಕರ ಆಕ್ತೀಯೋ ಅಂದಿಗೋಸ್ಕರವೋ?" ಎಂದು ಕೇಳಿದರು. ದಿಣ್ಣೆಯಾಚೆ ಲಂಟಾನದ ಪೊದೆ, ಪೊದೆಯೊಳಗೆ ಕಾಡುಹಂದಿ. ಅವುಗಳಿಗೆ ಆಲೂಗೆಡ್ಡೆ ನಾಟಿಯಾದ ಸುದ್ದಿ ನಮಗಿಂತ ಮೊದಲೇ ತಿಳಿಯುತ್ತಿತ್ತು.

ಆಗ ಚಿಕ್ಕಪ್ಪ ತನ್ನ ಗುಟ್ಟು ಬಿಟ್ಟ. ಉತ್ತರದ ಕಡೆ ಯಾವುದೋ ಹಾಲಿನ ಫಾರ್ಮಿನಲ್ಲಿ ಹಸುಗಳು ಹೊರಗೆ ಹೋಗದಂತೆ ಒಂದೇ ಒಂದು ತಂತಿ ಎಳೆದದ್ದನ್ನು ಅವನು ನೋಡಿದ್ದನಂತೆ. ಮುಟ್ಟಿದರೆ ಸಾಯುವುದಿಲ್ಲ, ಆದರೆ ಇನ್ನೊಮ್ಮೆ ಮುಟ್ಟುವುದಿಲ್ಲ. ಚನ್ನರಾಯಪಟ್ಟಣಕ್ಕೆ ಹೋಗಿ, ಬಸ್ಸುಗಳನ್ನು ರಿಪೇರಿ ಮಾಡುವ ಕಡೆ ಎಂಜಿನ್ನಿಗೆ ಕಿಡಿ ಕೊಡುವ ಹಳೆಯದೊಂದು ಕಾಯಿಲು ಮತ್ತು ಎರಡು ಬ್ಯಾಟರಿ ಸಂಪಾದಿಸಿ ತಂದ. ಬ್ಯಾಟರಿ ತಂದದ್ದು ಬಸ್ಸಿನಲ್ಲಿ, ತೊಡೆಯ ಮೇಲೆ ಕೂರಿಸಿಕೊಂಡು. ಆ್ಯಸಿಡ್ ತುಳುಕಿ ಪಂಚೆಯಲ್ಲಿ ಚಂದ್ರನ ಆಕಾರದ ತೂತು ಬಿದ್ದಿತ್ತು. ಬೆಲ್ಲದ ಹಲಗೆ ಪೆಟ್ಟಿಗೆಯೊಳಗೆ ಅದೇನೇನನ್ನೋ ಜೋಡಿಸಿದ ಮೇಲೆ ಪೆಟ್ಟಿಗೆ ಟಿಕ್ ಟಿಕ್ ಎನ್ನತೊಡಗಿತು. ಬಿದಿರು ಗೂಟ ನೆಟ್ಟು, ಒಡೆದ ಸೋಡಾ ಬಾಟಲಿಗಳ ಕತ್ತನ್ನು ಗೂಟಕ್ಕೆ ಸಿಕ್ಕಿಸಿ, ಕರೆಂಟು ಗೂಟಕ್ಕಿಳಿಯದಂತೆ ಅದರೊಳಗಿಂದ ತಂತಿ ಹಾಯಿಸಿದ. ಸೋಡಾ ಬಾಟಲಿ ಒಡೆದಾಗ ಅದರೊಳಗಿನ ಗೋಲಿಗಳು ನನಗೆ ಸಿಕ್ಕಿದವು. ನನ್ನ ಪಾಲಿಗೆ ಬೇಲಿ ಅಲ್ಲಿಗೇ ಸಾರ್ಥಕವಾಗಿತ್ತು.

ಬೇಲಿಯ ಪರೀಕ್ಷೆಗೆ ಊರೇ ಬಂತು. ಚಿಕ್ಕಪ್ಪ ಗಂಭೀರವಾಗಿ, "ಅಣ್ಣ, ಮುಟ್ಟು" ಎಂದ. ಅಪ್ಪ ಟೈರಿನ ಎಕ್ಕಡ ಹಾಕಿಕೊಂಡಿದ್ದರು. ಬಂದು ತಂತಿಯನ್ನು ಮುಷ್ಟಿಯಲ್ಲಿ ಹಿಡಿದರು, ಬಟ್ಟೆ ಒಣಹಾಕುವವರಂತೆ ಎಳೆದು ನೋಡಿದರು, ಕೊನೆಗೆ ಅದಕ್ಕೇ ಒರಗಿ ನಿಂತು ನಶ್ಯ ಏರಿಸಿದರು. "ಒಳ್ಳೆ ಬೇಲಿ ಕಣ್ಲಾ. ಅಂದಿಗಳು ಬಂದ್ರೆ ಮೈ ಕೆರ್ಕೊಳ್ಳಕ್ಕೆ ಆಯ್ತದೆ" ಎಂದರು. ಎಲ್ಲರೂ ನಕ್ಕರು. ಬರಿಗಾಲಲ್ಲಿದ್ದ ನನ್ನನ್ನು ಮುಟ್ಟಿಸಿದರೆ ನನಗೂ ಏನೂ ಆಗಲಿಲ್ಲ. ಚಿಕ್ಕಪ್ಪನ ಮುಖ ನೋಡಿ ನನಗೆ ಅಳು ಬಂತು. ಸುಳ್ಳಿಗಾದರೂ ಕಿರುಚಬೇಕಿತ್ತು ಎಂದು ಆಮೇಲೆ ಹೊಳೆಯಿತು.

ದೋಷ ಪೆಟ್ಟಿಗೆಯಲ್ಲಿರಲಿಲ್ಲ, ನೆಲದಲ್ಲಿತ್ತು. ಚಿಕ್ಕಪ್ಪ ಮನೆಯಲ್ಲಿ ಅದನ್ನು ವಿವರಿಸಿದ್ದು ನನಗೆ ಇನ್ನೂ ನೆನಪಿದೆ. ತಂತಿಯಲ್ಲಿ ಹೊರಟ ಕರೆಂಟು ಹಂದಿಯ ಮೈಯೊಳಗೆ ಹಾದು, ಕಾಲಿನಿಂದ ನೆಲಕ್ಕಿಳಿದು, ನೆಲದೊಳಗೇ ನಡೆದುಕೊಂಡು ಪೆಟ್ಟಿಗೆಗೆ ವಾಪಸು ಬರಬೇಕು. ವಾಪಸು ಬರುವ ದಾರಿ ಇದ್ದರೆ ಮಾತ್ರ ಅದು ಹೊರಡುವುದು. ಅದಕ್ಕಾಗಿ ಪೆಟ್ಟಿಗೆಯಿಂದ ಇನ್ನೊಂದು ತಂತಿ ಎಳೆದು, ಆಳಕ್ಕೆ ಹೂತ ಕಬ್ಬಿಣಕ್ಕೆ ಕಟ್ಟಬೇಕು. ಅವನು ಹೂತಿದ್ದ ಕಬ್ಬಿಣ ಗೇಣುದ್ದ ಹೋಗಿ ಬಂಡೆಗೆ ತಾಗಿ ನಿಂತಿತ್ತು. "ಒಣ ನೆಲದಾಗೆ ಕರೆಂಟಿಗೆ ನಡಿಯಕ್ಕೆ ದಾರಿ ಇಲ್ಲ ಕಣವ್ವ" ಎಂದ. ಅಜ್ಜಿ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿ ಕೇಳಿಸಿಕೊಂಡು ಮತ್ತೆ ಬೀಸತೊಡಗಿದಳು.

ಮುಂದಿನ ಕೆಲವು ದಿನ ಚಿಕ್ಕಪ್ಪ ಹಾರೆ ಹಿಡಿದು ಕಲ್ಲುಬಾರೆಯನ್ನೆಲ್ಲ ಚುಚ್ಚಿದ. ಎಲ್ಲಿ ಕುಕ್ಕಿದರೂ ಟಣ್ ಎನ್ನುತ್ತಿತ್ತು. ನೆತ್ತಿಯ ಮೇಲೆ ಕುಕ್ಕಿಸಿಕೊಂಡಂತೆ ಅವನು ಮುಖ ಕಿವಿಚುತ್ತಿದ್ದ. ಕೊನೆಗೆ ಹೊಲದ ಮೂಲೆಯಲ್ಲಿ, ಕೆರೆಯಿಂದ ನೀರು ಹೊತ್ತು ಬರುವ ಕಾಲುದಾರಿಯ ಪಕ್ಕ, ಹೊಂಗೆ ಮರದ ಬುಡದಲ್ಲಿ ಹಾರೆ ಟಣ್ ಎನ್ನದೆ ಒಳಗಿಳಿಯಿತು. ಎರಡು ಬಂಡೆಗಳ ನಡುವೆ ಮಣ್ಣು ತುಂಬಿಕೊಂಡ ಬಿರುಕು ಅದು. ಅಷ್ಟುದ್ದದ ಕಬ್ಬಿಣಕ್ಕೆ ಅವನು ಕೊಟ್ಟಿಗೆಯಲ್ಲಿದ್ದ ತಾತನ ಕಾಲದ ಗಾಡಿಯ ಅಚ್ಚನ್ನು ಎಳೆದು ತಂದ. ವರ್ಷಗಟ್ಟಲೆ ಕೀಲೆಣ್ಣೆ ಕುಡಿದು ಕಪ್ಪಾಗಿದ್ದ ಅಚ್ಚು. ಎಣ್ಣೆ ಇದ್ದರೆ ಕರೆಂಟು ಹಾಯುವುದಿಲ್ಲವೆಂದು ಹುಣಸೆಹಣ್ಣು, ಬೂದಿ ಹಾಕಿ ನಾನೂ ಅವನೂ ಉಜ್ಜಿದೆವು. ಹಬ್ಬಕ್ಕೆ ದೀಪದ ಕಂಬವನ್ನೂ ನಾನು ಅಷ್ಟು ಉಜ್ಜಿಲ್ಲ. ಅಚ್ಚನ್ನು ಬಿರುಕಿನೊಳಗೆ ಇಳಿಸಿ, ಸುತ್ತ ಇದ್ದಿಲು ತುಂಬಿದ್ದಾಯಿತು. ಇನ್ನು ಬೇಕಾದದ್ದು ಉಪ್ಪು.

ಅಜ್ಜಿ ಉಪ್ಪು ಕೊಡಲಿಲ್ಲ. ಉಪ್ಪು ನೆಲಕ್ಕೆ ಚೆಲ್ಲಿದರೆ ಸತ್ತ ಮೇಲೆ ಕಣ್ಣಿನ ರೆಪ್ಪೆಯಿಂದ ಆಯಬೇಕಾಗುತ್ತದೆ ಎಂದು ನಮ್ಮನ್ನು ಹೆದರಿಸಿ ಬೆಳೆಸಿದವಳು ಅವಳು. "ಮನೆ ಉಪ್ಪನ್ನ ಮಣ್ಣಿಗೆ ಸುರಿಯಕ್ಕೆ ನಾನು ಕೊಡಕ್ಕಿಲ್ಲ. ಬೇಕಾರೆ ಬೂಟು ಹೂತಾಕು" ಎಂದಳು. ಚಿಕ್ಕಪ್ಪ ಅಂಗಡಿಯಿಂದ ತನ್ನದೇ ಉಪ್ಪು ತಂದ. ದಿನಾ ಬೆಳಿಗ್ಗೆ ಕೆರೆಯಿಂದ ಒಂದು ಕೊಡ ನೀರು ಹೊತ್ತು, ಆ ಕಬ್ಬಿಣದ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಹಿಡಿ ಉಪ್ಪು ಹಾಕಿ ನೀರು ಸುರಿಯುತ್ತಿದ್ದ. ನಂತರ ನನ್ನ ಕೈಗೊಂದು ಹಸಿ ಹುಲ್ಲಿನ ಎಳೆ ಕೊಟ್ಟು ತಂತಿಗೆ ತಾಗಿಸಲು ಹೇಳುತ್ತಿದ್ದ. ಎಳೆ ಉದ್ದವಿದ್ದರೆ ಇರುವೆ ಹರಿದಂತೆ, ಗಿಡ್ಡ ಹಿಡಿದಷ್ಟೂ ಜೋರು. "ಎಷ್ಟೈತಮ್ಮಿ ಇವತ್ತು?" ಎಂದು ಅವನು ಕೇಳುವುದು, ನಾನು "ಕಟ್ಟಿರುವೆ ಅಷ್ಟು" ಅಥವಾ "ಗೊದ್ದ ಅಷ್ಟು" ಎನ್ನುವುದು. ನಮ್ಮ ಮೀಟರಿನ ಅಳತೆಯೆಲ್ಲ ಇರುವೆಗಳಲ್ಲೇ ಇತ್ತು. ಬೇಲಿ ಬಹಳ ದಿನ ಕಟ್ಟಿರುವೆ ದಾಟಲಿಲ್ಲ.

ಈಗ ನನ್ನ ನರಹುಲಿಯ ವಿಷಯಕ್ಕೆ ಬರಬೇಕು. ನನ್ನ ಬಲಗೈ ಬೆರಳ ಗೆಣ್ಣುಗಳ ಮೇಲೆ ಆಗ ಒರಟಾದ ಸಣ್ಣ ಗಂಟುಗಳು ಎದ್ದಿದ್ದವು. ಸ್ಕೂಲಿನಲ್ಲಿ ಸ್ಲೇಟು ಹಿಡಿದರೆ ಪಕ್ಕದವಳು ಸರಿದು ಕೂರುತ್ತಿದ್ದಳು. ಕೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಡುವ ಅಭ್ಯಾಸವಾಗಿ, ಇವತ್ತಿಗೂ ಫೋಟೋ ತೆಗೆಸಿಕೊಳ್ಳುವಾಗ ನನ್ನ ಬಲಗೈ ಸೆರಗಿನೊಳಗೇ ಇರುತ್ತದೆ. ಅಜ್ಜಿಯ ಔಷಧಿ ಸರಳ. ಕೆರೆಗೆ ಉಪ್ಪು ಹಾಕಿ ಕೈ ಮುಗಿದು ಹಿಂದಿರುಗಿ ನೋಡದೆ ಬರಬೇಕು. ಉಪ್ಪು ಕರಗಿದ ಹಾಗೆ ನರಹುಲಿ ಕರಗುತ್ತದೆ. ಮಣ್ಣಿಗೆ ಸಲ್ಲದ ಉಪ್ಪು ಕೆರೆಗೆ ಹೇಗೆ ಸಲ್ಲುತ್ತದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಲಂಗದ ತುದಿಯಲ್ಲಿ ಉಪ್ಪು ಕಟ್ಟಿಕೊಂಡು ಹೊರಟೆ. ಕೆರೆಯ ದಾರಿಯಲ್ಲಿ ಒಂದು ಎಮ್ಮೆ ಅಡ್ಡ ನಿಂತಿತ್ತು. ನನಗೂ ಎಮ್ಮೆಗಳಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಹೊಂಗೆ ಮರದ ಬುಡದಲ್ಲಿ ಚಿಕ್ಕಪ್ಪನ ಗುಂಡಿ ಇತ್ತು, ಅದರಲ್ಲಿ ನೀರೂ ಇತ್ತು. ಉಪ್ಪು ಕರಗುವುದು ತಾನೇ ಮುಖ್ಯ? ಅಲ್ಲೇ ಹಾಕಿ, ಕೈ ಮುಗಿದು, ಹಿಂದಿರುಗಿ ನೋಡದೆ ಓಡಿಬಂದೆ. ಎಮ್ಮೆಯ ಕೃಪೆಯಿಂದ ಹೀಗೆ ಹಲವು ದಿನ ನಡೆಯಿತು.

ನರಹುಲಿ ಬಿದ್ದುಹೋಯಿತು. ತಾನಾಗಿಯೇ ಬೀಳುತ್ತಿತ್ತೋ ಏನೋ, ಡಾಕ್ಟರಾಗಿರುವ ನನ್ನ ಅಳಿಯ ಹಾಗೆಂದು ವಾದಿಸುತ್ತಾನೆ. ಅವನಿಗೆ ನರಹುಲಿ ಆಗಿಲ್ಲ, ಏನು ಗೊತ್ತು? ಮೊದಲು ಗಮನಿಸಿದವಳು ಪಕ್ಕದ ಹೊಲದ ನಂಜಕ್ಕ. "ಎಲ್ಲಮ್ಮಿ ನಿನ್ನ ನರೂಲಿ?" ಎಂದು ಕೈ ತಿರುವಿ ತಿರುವಿ ನೋಡಿದಳು. ಇದ್ದದ್ದು ಇದ್ದಹಾಗೆ ಹೇಳಿದೆ. ನಂಜಕ್ಕನ ಕತ್ತಿನ ಹಿಂದೆ, ಸೆರಗು ಮರೆಮಾಡುವ ಜಾಗದಲ್ಲಿ, ಹಳೆಯದೊಂದು ನರಹುಲಿ ಇದ್ದದ್ದು ಆವತ್ತೇ ನನಗೆ ತಿಳಿದದ್ದು. ಮರುದಿನ ಅವಳು ಒಂದು ಸೇರು ಉಪ್ಪು ತಂದಳು. ಸೈನ್ಯ ಕಂಡು ಬಂದ ಗಂಡಸು ದಿನಾ ಬೆಳಿಗ್ಗೆ ಕೂತು ಉಪ್ಪು, ನೀರು ಒಪ್ಪಿಸುವುದನ್ನು ನೀರಿಗೆ ಹೋಗುವ ಹೆಂಗಸರೆಲ್ಲ ಆಗಲೇ ನೋಡಿದ್ದರು. ಅವನೇನೋ ಹರಕೆ ಹೊತ್ತಿದ್ದಾನೆ ಎಂದುಕೊಂಡಿದ್ದರು. ಈಗ ನನ್ನ ಕೈಯ ಸಾಕ್ಷಿಯೂ ಸಿಕ್ಕಿತು. ನಂಜಕ್ಕನ ತವರು ಅರಕಲಗೂಡು. ಸುದ್ದಿ ಅಲ್ಲಿಗೂ ಹೋಯಿತು. ಅಚ್ಚಿನ ನೆತ್ತಿಗೆ ಅರಿಸಿನ, ಕುಂಕುಮ ಬಂತು. ಹೆಸರೂ ಬಂತು, ಉಪ್ಪಿನಮ್ಮ.

ಚಿಕ್ಕಪ್ಪ ಆಗ ಬ್ಯಾಟರಿ, ಕಳೆ, ಗೊಬ್ಬರವೆಂದು ಓಡಾಟದಲ್ಲಿದ್ದ. ಬೆಳಿಗ್ಗೆ ಬಂದರೆ ಗುಂಡಿ ಆಗಲೇ ಒದ್ದೆ ಇರುತ್ತಿತ್ತು, ಹುಲ್ಲಿನ ಎಳೆಯಲ್ಲಿ ಗೊದ್ದ ದಾಟಿ ಚೇಳಿನ ಮಟ್ಟ ತೋರಿಸುತ್ತಿತ್ತು. ತಂತಿಯ ಗಂಟನ್ನು ತಾನು ಹೊಸದಾಗಿ ಬಿಗಿದದ್ದರಿಂದ ಹೀಗಾಯಿತೆಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಒಂದು ಬೆಳಿಗ್ಗೆ ಬೇಗ ಹೋಗಿ ನೋಡಿದರೆ ನಂಜಕ್ಕ ಅಚ್ಚಿಗೆ ಹರಳೆಣ್ಣೆ ಹಚ್ಚುತ್ತಿದ್ದಾಳೆ. ಅವನಿಗೆ ಎಲ್ಲಿತ್ತೋ ಸಿಟ್ಟು. "ಅಕ್ಕ, ಇದು ದೇವ್ರಲ್ಲ, ಗಾಡಿ ಅಚ್ಚು. ನಾವು ಉಜ್ಜಿ ಉಜ್ಜಿ ಎಣ್ಣೆ ತೆಗೆದಿದ್ರೆ ನೀನು ಮತ್ತೆ ಬಳೀತಿದ್ದೀಯಲ್ಲ. ಯಾರೂ ಈ ಕಡೆ ಬರ್ಬೇಡಿ" ಎಂದು ಕೂಗಾಡಿದ. ನಂಜಕ್ಕ ಎಣ್ಣೆ ಬಟ್ಟಲು ಸೆರಗಲ್ಲಿ ಮುಚ್ಚಿಕೊಂಡು, "ನಿಮ್ಮ ಅಚ್ಚು ನಿಮ್ಗೇ ಇರ್ಲಿ ತಿಮ್ಮಪ್ಪ" ಎಂದು ಹೊರಟುಹೋದಳು. ಅವಳಿಗಾದ ಅವಮಾನ ಕಂಡು ಬೇರೆ ಹೆಂಗಸರೂ ಬರುವುದು ನಿಲ್ಲಿಸಿದರು.

ಅಷ್ಟರಲ್ಲಿ ಮಳೆಯೂ ಕೈಕೊಟ್ಟಿತು. ಆಲೂಗೆಡ್ಡೆಯ ಗಿಡ ಹೂ ಬಿಟ್ಟು, ಕೆಳಗೆ ಗೆಡ್ಡೆ ಕಟ್ಟುವ ಹೊತ್ತು. ಕಲ್ಲುಬಾರೆ ಬಿಸಿಲಿಗೆ ಹೆಂಚಾಯಿತು. ಚಿಕ್ಕಪ್ಪನ ಒಂದು ಕೊಡ ನೀರು ಗುಂಡಿಯ ಬಾಯಿಗೂ ಸಾಲುತ್ತಿರಲಿಲ್ಲ. ಹುಲ್ಲಿನ ಎಳೆಯಲ್ಲಿ ಕಟ್ಟಿರುವೆಯೂ ಇಲ್ಲ. ಒಂದು ಮುಂಜಾನೆ ಹೋಗಿ ನೋಡಿದರೆ ಪೊದೆಯ ಕಡೆಯ ಸಾಲುಗಳನ್ನು ಹಂದಿ ಉತ್ತುಹಾಕಿತ್ತು. ಗೋಲಿ ಗಾತ್ರದ ಗೆಡ್ಡೆಗಳು ಮಣ್ಣಿನ ಮೇಲೆ ಬಿದ್ದಿದ್ದವು. ಚಿಕ್ಕಪ್ಪ ಒಂದನ್ನು ಎತ್ತಿಕೊಂಡು ಬೆರಳಿಂದ ಮಣ್ಣು ಒರೆಸುತ್ತ ಬಹಳ ಹೊತ್ತು ನಿಂತಿದ್ದ. ನನಗೆ ಅವನನ್ನು ಮಾತಾಡಿಸಲು ಭಯವಾಯಿತು. ಅಪ್ಪ ಈ ಸಲ ನಗಲಿಲ್ಲ. "ಮಿಲ್ಲಿನವ್ರು ಕಾಯಕ್ಕಿಲ್ಲ. ಓಗಿ ಮುಖ ತೋರ್ಸಿ ಬಾ" ಎಂದರು.

ಹೊರಡುವ ದಿನ ಚಿಕ್ಕಪ್ಪ ಹೊಸದಾಗಿ ಚಾರ್ಜು ಮಾಡಿಸಿದ ಬ್ಯಾಟರಿಯನ್ನು ಪೆಟ್ಟಿಗೆಗೆ ಸಿಕ್ಕಿಸಿ, ಬೂಟಿಗೆ ಪಾಲಿಶು ಹಾಕಿದ. ಅಜ್ಜಿ ಬುತ್ತಿಯ ಗಂಟು ಕೊಡುತ್ತ ಒಂದೇ ಒಂದು ಪ್ರಶ್ನೆ ಕೇಳಿದಳು. "ಏನ್ಲಾ ಆಗಿರೋದು ಅದ್ಕೆ?"

"ಕೆಟ್ಟೇನೂ ಓಗಿಲ್ಲ ಕಣವ್ವ. ಓದ ಕರೆಂಟು ವಾಪಸ್ ಬರ್ಬೇಕು ಅಂದ್ರೆ ನೆಲ ತ್ಯಾವ ಇರ್ಬೇಕು. ನಮ್ಮ ನೆಲದಲ್ಲಿ ಇಲ್ಲ. ನಾನೊಬ್ನು ಎಷ್ಟು ನೀರು ಹೊರ್ಲಿ?"

"ಎಣ್ಣೆ ಹಚ್ಬಾರ್ದು ಅಂದ್ಯಲ್ಲ, ಅದ್ಯಾಕೆ?"

"ಎಣ್ಣೆ ಅಡ್ಡ ನಿಂತ್ಕೊತದೆ. ನೀರು, ಉಪ್ಪು, ಅಷ್ಟೇ ಬೇಕಾಗಿರೋದು."

ಅಜ್ಜಿ ತಲೆಯಾಡಿಸಿದಳು. ಅವನು ತಿರುವಿನಲ್ಲಿ ಮರೆಯಾಗುವ ತನಕ ಜಗಲಿಯ ಮೇಲೆ ನಿಂತಿದ್ದು, ಒಳಗೆ ಹೋಗಿ ಉಪ್ಪಿನ ಗಡಿಗೆಯನ್ನೇ ಸೊಂಟಕ್ಕೆ ಎತ್ತಿಕೊಂಡು ಬಂದಳು. ಕೊಡ ನನ್ನ ತಲೆಯ ಮೇಲೆ. ನಾವು ನೇರ ಹೋದದ್ದು ನಂಜಕ್ಕನ ಮನೆಗೆ.

"ನಂಜಿ, ಅವ್ನು ಅಂದಿದ್ದ ಮನಸ್ನಾಗೆ ಇಕ್ಕೋಬೇಡ. ಮಿಲ್ಟ್ರಿಯವ್ನಿಗೆ ದೇವ್ರು ದಿಂಡ್ರು ಏನು ಗೊತ್ತಾಯ್ತದೆ? ಉಪ್ಪಿನಮ್ಮ ಬಾಯಾರಿ ಕುಂತವ್ಳೆ. ಆದ್ರೆ ಒಂದು ಮಾತು. ಈಯಮ್ಮಂಗೆ ಎಣ್ಣೆ ಆಗಕ್ಕಿಲ್ಲ. ನೀರು, ಉಪ್ಪು, ಅಷ್ಟೇಯ. ಎಕ್ಕಡ ಬಿಟ್ಟು ಬರ್ಬೇಕು."

ಬದುಕಿದ್ದಷ್ಟು ಕಾಲ ಕೀಲೆಣ್ಣೆ ಕುಡಿದ ಅಚ್ಚು ಎಣ್ಣೆ ಒಲ್ಲದ ದೇವರಾದದ್ದು ಹೀಗೆ. ಎಣ್ಣೆ ಬೇಡವೆನ್ನುವ ದೇವರು ಯಾರಿಗೆ ಬೇಡ? ಕೆರೆಯಿಂದ ಬರುವ ಹೆಂಗಸರು ತಲೆಯ ಮೇಲಿನ ಕೊಡದಿಂದಲೇ ಒಂದಿಷ್ಟು ಬಗ್ಗಿಸಿ ಹೋಗತೊಡಗಿದರು. ನರಹುಲಿ ಇದ್ದವರು ನರಹುಲಿಗೆ, ಇಲ್ಲದವರು ಬಾರದಿರಲೆಂದು. ಅರಕಲಗೂಡಿನಿಂದ ಗಾಡಿ ಕಟ್ಟಿಕೊಂಡು ಒಂದು ಸಂಸಾರವೇ ಬಂತು. ಬೆಳಿಗ್ಗೆ, ಸಂಜೆ ನಾನೂ ಅಜ್ಜಿಯೂ ಹೋಗುತ್ತಿದ್ದೆವು. ಹುಲ್ಲಿನ ಎಳೆ ಹಿಡಿದು, "ಅಜ್ಜಿ, ಚೇಳು" ಎಂದರೆ ಅವಳಿಗೆ ಅದೇ ಪ್ರಸಾದ.

ಅಪ್ಪನಿಗೆ ಇದೊಂದೂ ತಿಳಿಯದು. ಕಲ್ಲುಬಾರೆಯಲ್ಲಿ ಉಳಿದದ್ದೇನಾದರೂ ಇದ್ದರೆ ಕಿತ್ತು ಹುರುಳಿ ಚೆಲ್ಲೋಣವೆಂದು ಒಂದು ಸಂಜೆ ದಿಣ್ಣೆ ಹತ್ತಿ ಬಂದರು. ಹೊಂಗೆ ಮರದ ಕೆಳಗೆ ಹೆಂಗಸರು ನೆರೆದಿದ್ದರು. "ಗೌಡ್ರೇ, ಎಕ್ಕಡ ಬಿಟ್ಟು ಬನ್ನಿ" ಎಂದಳು ನಂಜಕ್ಕ. ಅಷ್ಟು ಹೆಂಗಸರ ಮುಂದೆ ದೇವರಿಗೆ ಎದುರಾಡುವ ಗಂಡಸು ನಮ್ಮೂರಲ್ಲಿ ಹುಟ್ಟಿರಲಿಲ್ಲ. ಅಪ್ಪ ಟೈರಿನ ಎಕ್ಕಡ ಬಿಟ್ಟು, ಮಣಮಣ ಎನ್ನುತ್ತ ಉಪ್ಪುನೀರಿನ ಕೆಸರಿನಲ್ಲಿ ಬರಿಗಾಲೂರಿ ಬಂದು, ಮೊದಲ ದಿನದ ಅಭ್ಯಾಸದಂತೆ ನಶ್ಯದ ಡಬ್ಬಿ ತೆಗೆದು ತಂತಿಗೆ ಒರಗಿದರು.

ಅಪ್ಪ ಕಿರುಚಿದ್ದನ್ನು ನಾನು ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ. ನಶ್ಯದ ಡಬ್ಬಿ ಆಲೂಗೆಡ್ಡೆ ಸಾಲಿನೊಳಗೆ ಹೋಗಿ ಬಿತ್ತು. ಪಂಚೆ ಎಲ್ಲಿಗೆ ಹೋಗುತ್ತಿತ್ತೋ, ಎರಡೂ ಕೈಯಲ್ಲಿ ಹಿಡಿದುಕೊಂಡು ಕೆಸರಿನಲ್ಲಿ ಕೂತರು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ನಂಜಕ್ಕ ಭಕ್ತಿಯಿಂದ ಅಚ್ಚಿಗೆ ಇನ್ನೊಂದು ಹಿಡಿ ಉಪ್ಪು ಹಾಕಿದಳು. ಅಪ್ಪ ಎದ್ದು, ಬೇಲಿಯ ಉದ್ದಕ್ಕೂ ಆದರೆ ಅದರಿಂದ ಸಾಕಷ್ಟು ದೂರದಲ್ಲಿ, ನಡೆದು ನೋಡಿದರು. ಪೊದೆಯ ಕಡೆ ಹಂದಿಯ ಹೆಜ್ಜೆಗಳಿದ್ದವು. ತಂತಿಯ ತನಕ ಹತ್ತಿರ ಹತ್ತಿರದ ನಿಧಾನದ ಹೆಜ್ಜೆ, ತಂತಿಯಿಂದ ಹಿಂದಕ್ಕೆ ದೂರ ದೂರದ ಹೆಜ್ಜೆ. ಒಳಗೆ ಗಿಡಗಳು ನೆಟ್ಟಗೆ ನಿಂತಿದ್ದವು. ಮನೆಗೆ ಬಂದ ಅಪ್ಪ ಅಜ್ಜಿಯ ಮುಂದೆ ಕೂತು, "ಬೇಲಿ ಜೀವಂತ ಐತೆ ಕಣವ್ವ" ಎಂದಷ್ಟೇ ಹೇಳಿ ಮೊಣಕೈ ತಿಕ್ಕಿಕೊಂಡರು. "ಅಂಗಾ?" ಎಂದಳು ಅಜ್ಜಿ.

ಚಿಕ್ಕಪ್ಪ ಬೆಂಗಳೂರಿನಿಂದ ಬಂದದ್ದು ಅದಾದ ಸ್ವಲ್ಪ ದಿನಕ್ಕೆ. ಕೆಲಸ ಸಿಕ್ಕಿತ್ತು. ಖಾಕಿ ಬಟ್ಟೆಗೆ ಅಳತೆಯನ್ನೂ ತೆಗೆದುಕೊಂಡಿದ್ದರಂತೆ. ಬಸ್ಸಿಳಿದವನು ಮನೆಗೂ ಬಾರದೆ ನೇರ ಕಲ್ಲುಬಾರೆಗೆ ಹೋಗಿದ್ದ. ನಾನೂ ಅಜ್ಜಿಯೂ ಕೊಡ, ಉಪ್ಪು ಹಿಡಿದು ದಿಣ್ಣೆ ಹತ್ತಿದಾಗ ಅವನು ಬೇಲಿಯ ಪೆಟ್ಟಿಗೆಯಲ್ಲಿದ್ದ ಇಕ್ಕಳ ಹಿಡಿದು ಗುಂಡಿಯ ಮುಂದೆ ನಿಂತಿದ್ದ. ತಂತಿ ಬಿಚ್ಚಿ ಸುತ್ತಿಡಲು ಬಂದವನಿಗೆ ಒಣಗಿದ ಗುಂಡಿಯ ಬದಲು ಜಿನುಗುವ ನೆಲ ಕಂಡಿತ್ತು, ಬೇಲಿಯೊಳಗೆ ಹಸುರು ಕಂಡಿತ್ತು. ತಲೆಯ ಮೇಲೆ ಕೊಡ ಹೊತ್ತ ತಾಯಿಯನ್ನು ನೋಡಿ ಅವನು ಇಕ್ಕಳ ಕೆಳಗಿಳಿಸಿದ.

ಅಜ್ಜಿ ಎಂದಿನಂತೆ ಎಕ್ಕಡ ಬಿಟ್ಟಳು, ಮನೆಯ ಗಡಿಗೆಯ ಉಪ್ಪನ್ನು ಒಂದು ಹಿಡಿ ಹಾಕಿದಳು, ನೀರು ಸುರಿದಳು.

"ಅವ್ವ, ನೀನೂ ಇದನ್ನ ದೇವ್ರು ಅಂತ ನಂಬ್ಕೊಂಡ್ಯಾ? ಇದು ಗಾಡಿ ಅಚ್ಚು ಕಣವ್ವ" ಎಂದ ಚಿಕ್ಕಪ್ಪ ಮೆಲ್ಲಗೆ.

"ನಂಗೆ ಏಳ್ಕೊಡ್ತೀಯೇನ್ಲಾ? ಅದನ್ನ ಸಂತೆಯಿಂದ ತಂದಾಗ ನಿಮ್ಮ ಅಪ್ಪನ ಜೊತೆ ಗಾಡೀಲಿ ಕುಂತು ಬಂದವ್ಳು ನಾನು" ಎಂದಳು ಅಜ್ಜಿ. ಖಾಲಿ ಕೊಡವನ್ನು ನೆಲಕ್ಕಿಟ್ಟು ಸೊಂಟ ನೇರ ಮಾಡಿಕೊಂಡಳು. "ಓಗಿದ್ದು ವಾಪಸ್ ಬರ್ಬೇಕು ಅಂದ್ರೆ ನೆಲ ತ್ಯಾವ ಇರ್ಬೇಕು ಅಂತ ನೀನೇ ಏಳಿದ್ದೆ. ಇರ್ಲಿ ಅಂತ ನೀರು ಆಕ್ದೆ. ನಂಗೆ ಬೇಕಾಗಿದ್ದುದು ಕರೆಂಟಲ್ಲ ಕಣ್ಲಾ."

ನಾನು ಹುಲ್ಲಿನ ಎಳೆ ಕಿತ್ತು ಚಿಕ್ಕಪ್ಪನ ಮುಂದೆ ಹಿಡಿದೆ. ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಹೊಂಗೆ ಮರದ ಬೇರಿನ ಮೇಲೆ ಕೂತು ಒಂದೊಂದೇ ಲೇಸು ಬಿಚ್ಚಿ ಬೂಟು ಕಳಚಿದ. ಒಳಗಿನ ಪಾದ ಬೆಳ್ಳಗೆ, ಹಸುಗೂಸಿನ ಕಾಲಿನ ಹಾಗಿತ್ತು. ಗರಸಿನ ಮೇಲೆ ಅಳುಕುತ್ತ ಎರಡು ಹೆಜ್ಜೆ ಬಂದು, ಉಪ್ಪುನೀರಿನ ಕೆಸರಿನಲ್ಲಿ ನಿಂತು, ತಾನು ಕಟ್ಟಿದ ಬೇಲಿಯನ್ನು ಮೊದಲ ಸಲ ಬರಿಗೈಯಲ್ಲಿ ಮುಟ್ಟಿದ.

ಹಾರಿಬಿದ್ದ ರಭಸಕ್ಕೆ ಅವನ ಕಣ್ಣಲ್ಲಿ ನೀರು ಬಂದಿತ್ತು, ಅಥವಾ ನೀರು ಮೊದಲೇ ಬಂದಿತ್ತೋ ನನಗೆ ತಿಳಿಯಲಿಲ್ಲ. ಅಜ್ಜಿ ಆ ಬೂಟುಗಳನ್ನು ಖಾಲಿ ಕೊಡದೊಳಗೆ ಹಾಕಿ, ಕೊಡ ಸೊಂಟಕ್ಕೆ ಎತ್ತಿಕೊಂಡು ಮನೆಯ ಕಡೆ ತಿರುಗಿದಳು.

"ಸರಿಯಾಗೈತೆ ಬುಡು. ಇನ್ನು ಬಾ, ಉಣ್ಣೀವಂತೆ" ಎಂದಳು.